ಇಂಗಾಲದಲ್ಲಿ ಮೂಡುವ ಛಾಯಾಚಿತ್ರ

ಛಾಯಾಚಿತ್ರವು ಬೆಳಕಿನಿಂದ ಹುಟ್ಟುತ್ತದೆ. ಹುಟ್ಟಿದ ಚಿತ್ರವು ಎಷ್ಟು ಕಾಲ ಬಾಳಬಲ್ಲುದು? ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಛಾಯಾಗ್ರಾಹಕರನ್ನು ಈ ಚಿಂತೆಯು ಬಹುವಾಗಿ ಕಾಡುತ್ತಿದ್ದಿತು. ಬೆಳ್ಳಿಯ ಲವಣಗಳಿಂದ ತೆಗೆದ ಚಿತ್ರಗಳು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಮಾಸಿಹೋಗುತ್ತಿದ್ದುವು. ಇದರ ಕಾರಣವನ್ನರಸಲು 1855ರಲ್ಲಿ ಲಂಡನ್ನಿನ ಛಾಯಾಗ್ರಹಣ ಸಂಘವು ಒಂದು ಸಮಿತಿಯನ್ನೇ ನೇಮಿಸಿತು. ಬೆಳ್ಳಿಯು ಗಂಧಕದೊಡನೆ ಸುಲಭವಾಗಿ ಕೂಡುವ ಲೋಹ. ಇಂಗಾಲವಾದರೋ ಗಾಳಿ ಬೆಳಕುಗಳಿಗೆ ಜಗ್ಗದ ವಸ್ತು. ಕಾಡಿಗೆಯ ಮಸಿಯಿಂದ ಬರೆದ ಬರಹವು ಶತಮಾನಗಳ ಬಳಿಕವೂ ಕಪ್ಪಾಗಿಯೇ ಉಳಿಯುವುದು. ಹಾಗಾದರೆ ಛಾಯಾಚಿತ್ರವನ್ನು ಕಾಡಿಗೆಯಿಂದಲೇ ಏಕೆ ಮೂಡಿಸಬಾರದು?

ಇಲ್ಲೊಂದು ತೊಡಕುಂಟು. ಬೆಳಕಿಗೆ ಜಗ್ಗದ ವಸ್ತುವಿನ ಮೇಲೆ ಬೆಳಕು ಗುರುತು ಮಾಡುವುದಾದರೂ ಹೇಗೆ? ಇದಕ್ಕೆ ಒಬ್ಬ ಮಧ್ಯವರ್ತಿ ಬೇಕು. ಆ ಮಧ್ಯವರ್ತಿಯೇ ಜಿಲೆಟಿನ್. ಅದು ತಣ್ಣೀರಿನಲ್ಲಿ ಉಬ್ಬುವುದು; ಬಿಸಿನೀರಿನಲ್ಲಿ ಕರಗುವುದು. ಪೊಟ್ಯಾಸಿಯಂ ಡೈಕ್ರೋಮೇಟ್ ಬೆರೆಸಿದ ಜಿಲೆಟಿನ್ನಿನ ಮೇಲೆ ಬೆಳಕು ಬಿದ್ದರೆ, ಕ್ರೋಮಿಯಂ ಆರು ವೇಲೆನ್ಸಿಯ ಸ್ಥಿತಿಯಿಂದ ಮೂರಕ್ಕಿಳಿದು, ಜಿಲೆಟಿನ್ನಿನ ಉದ್ದುದ್ದನೆಯ ಅಣುಗಳನ್ನು ಒಂದಕ್ಕೊಂದು ಬಿಗಿಯುವುದು. ಕ್ರೋಮಿಯಂ ಲವಣಗಳಿಂದ ಚರ್ಮವನ್ನು ಹದಮಾಡುವಾಗ ನಡೆಯುವುದೂ ಇಂಥದೇ ಕ್ರಿಯೆ. ಹೀಗೆ ಗಟ್ಟಿಯಾದ ಭಾಗವು ಬಿಸಿನೀರಿನಲ್ಲಿ ಕರಗದು. ಇಂಗ್ಲೆಂಡಿನ ಟಾಲ್ಬಟ್ 1852ರಲ್ಲಿ ಈ ಗುಣವನ್ನು ಉಪಯೋಗಕ್ಕೆ ತಂದನು. 1855ರಲ್ಲಿ ಫ್ರಾನ್ಸಿನ ಪ್ವಾತ್ವಾಂ ಎಂಬಾತನು ಜಿಲೆಟಿನ್ನಿಗೆ ಕಾಡಿಗೆಯನ್ನು ಸೇರಿಸಿ ಚಿತ್ರ ತೆಗೆದನು.

ಆದರೆ ಅವನ ಚಿತ್ರಗಳಲ್ಲಿ ಅಚ್ಚಗಪ್ಪು, ಅಚ್ಚಬಿಳುಪುಗಳೇ ಹೊರತು ನಡುವಣ ಛಾಯೆಗಳು ನಿಲ್ಲಲಿಲ್ಲ. ಏಕೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಜಿಲೆಟಿನ್ ಪದರದಲ್ಲಿ ಪ್ರತಿ 10 ಮೈಕ್ರಾನ್ ಆಳಕ್ಕೆ ಬೆಳಕು ಅರ್ಧವಾಗುವುದೆಂದು ಇಟ್ಟುಕೊಳ್ಳಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಗಟ್ಟಿಯಾಗಲು ಬೇಕಾದ ಕನಿಷ್ಠ ಬೆಳಕಿನ ಎರಡರಷ್ಟು ಬಿದ್ದ ಕಡೆ ಪದರವು 10 ಮೈಕ್ರಾನ್ ಆಳದವರೆಗೆ ಗಟ್ಟಿಯಾಗುವುದು. ನಾಲ್ಕರಷ್ಟು ಬಿದ್ದಲ್ಲಿ 20, ಎಂಟರಷ್ಟು ಬಿದ್ದಲ್ಲಿ 30. ಬೆಳಕು ಗುಣೋತ್ತರ ಶ್ರೇಢಿಯಲ್ಲಿ ಏರಿದರೆ ಆಳವು ಸಮಾಂತರ ಶ್ರೇಢಿಯಲ್ಲಿ ಏರುವುದು. ಎಂದರೆ ಚಿತ್ರದ ಛಾಯೆಯೆಲ್ಲವೂ ಪದರದ ದಪ್ಪದಲ್ಲಿಯೇ ಅಡಗಿದೆ. ಆದರೆ ಬೆಳಕು ಮೇಲಿನಿಂದ ಇಳಿಯುವುದಷ್ಟೆ? ನಡುವಣ ಛಾಯೆಗಳ ತೆಳುವಾದ ಪೊರೆಯು ಮೇಲ್ಗಡೆ ಗಟ್ಟಿಯಾದರೂ ಅದರ ಅಡಿಯ ಜಿಲೆಟಿನ್ ಕರಗುವ ಸ್ಥಿತಿಯಲ್ಲಿಯೇ ಇರುವುದು. ಬಿಸಿನೀರು ತಾಕಿದೊಡನೆ ಅಡಿಪಾಯವು ಕರಗಿ, ಪೊರೆಯೂ ತೇಲಿಹೋಗುವುದು.

ಇದಕ್ಕೆ ಕೈಗೂಡುವಂಥ ಪರಿಹಾರವನ್ನು 1864ರಲ್ಲಿ ಕೊಟ್ಟವನು ನ್ಯೂಕಾಸಲ್ ನಗರದ ಜೋಸೆಫ್ ಸ್ವಾನ್. ಮುಂದೆ ಇಂಗಾಲದ ತಂತುವಿನ ವಿದ್ಯುದ್ದೀಪದಿಂದ ಹೆಸರಾದವನೂ ಇವನೇ. ಅವನ ಉಪಾಯವು ಸರಳವಾದುದು: ಗಟ್ಟಿಯಾದ ಮೇಲ್ಮೈಯನ್ನು ಬೇರೊಂದು ಕಾಗದಕ್ಕೆ ಅಂಟಿಸಿ, ಪದರವನ್ನು ತಲೆಕೆಳಗು ಮಾಡಿ, ಹಿಂಬದಿಯಿಂದ ತೊಳೆಯುವುದು.

ಕೆಲಸದ ಕ್ರಮ ಹೀಗಿದೆ. ಜಿಲೆಟಿನ್, ಸ್ವಲ್ಪ ಸಕ್ಕರೆ, ಕಾಡಿಗೆ ಇವುಗಳ ಬೆಚ್ಚನೆಯ ದ್ರಾವಣವನ್ನು ಕಾಗದದ ಮೇಲೆ ಸಮನಾಗಿ ಹರಡಿ ಒಣಗಿಸಬೇಕು. ಇದನ್ನು ಮಸಿಹಾಳೆ ಎಂದು ಕರೆಯೋಣ. ಅದನ್ನು ತಣ್ಣನೆಯ ಡೈಕ್ರೋಮೇಟ್ ದ್ರಾವಣದಲ್ಲಿ ಕೆಲವು ನಿಮಿಷ ನೆನೆಸಿ, ಕತ್ತಲೆಯಲ್ಲಿ ಆರಿಸಬೇಕು. ಬಳಿಕ ನೆಗೆಟಿವ್‌ಗೆ ಒತ್ತಾಗಿ ಸೇರಿಸಿ ನೇರಳಾತೀತ ಬೆಳಕಿಗೆ ಒಡ್ಡಬೇಕು. ಬೆಳಕು ಕಂಡ ಹಾಳೆಯನ್ನೂ ಜಿಲೆಟಿನ್ ಲೇಪಿಸಿದ ಇನ್ನೊಂದು ಕಾಗದವನ್ನೂ ತಣ್ಣೀರಿನಲ್ಲಿ ನೆನೆಸಿ, ಮುಖಕ್ಕೆ ಮುಖ ಸೇರಿಸಿ, ರಬ್ಬರಿನ ಅಲಗಿನಿಂದ ನೀರನ್ನು ಹೊರಗೆ ಒತ್ತಿ, ಭಾರವಿಟ್ಟು ಇಪ್ಪತ್ತು ನಿಮಿಷ ಬಿಡಬೇಕು. ಅನಂತರ 40 ಡಿಗ್ರಿ ಸೆಂಟಿಗ್ರೇಡಿನ ನೀರಿಗೆ ಹಾಕಿದರೆ ಅಂಚುಗಳಿಂದ ಮಸಿ ಒಸರುವುದು. ಆಗ ಹಿಂಬದಿಯ ಕಾಗದವನ್ನು ಮೆಲ್ಲನೆ ಸುಲಿಯಬೇಕು. ಮೊದಲು ಕಾಣುವುದು ಬರಿಯ ಕಪ್ಪು ಲೋಳೆ. ನೀರನ್ನು ಹೊಯ್ದಂತೆ ಅದು ಕರಗಿ ಚಿತ್ರವು ಬಯಲಾಗುವುದು. ಹೀಗೆ ಮಗುಚಿದ ಚಿತ್ರದಲ್ಲಿ ಎಡಬಲಗಳು ಅದಲುಬದಲಾಗುವುದರಿಂದ ನೆಗೆಟಿವನ್ನು ಮೊದಲೇ ತಿರುಗಿಸಿಟ್ಟಿರಬೇಕು.

ಚಿತ್ರವು ದೊಡ್ಡದಾದಂತೆ ಭೌತವಿಜ್ಞಾನದ ಲೆಕ್ಕಗಳು ಬಿಗಿಯಾಗುತ್ತವೆ. ಡೈಕ್ರೋಮೇಟ್ ಸ್ಪಂದಿಸುವುದು ಹೆಚ್ಚಾಗಿ ನೀಲಿ, ನೇರಳೆ, ನೇರಳಾತೀತ ಕಿರಣಗಳಿಗೆ. ಅದೂ ಬಹು ನಿಧಾನವಾಗಿ. ಆದುದರಿಂದ ಹಿಗ್ಗಿಸುವ ಯಂತ್ರದ ಮಂದವಾದ ಬೆಳಕು ಸಾಲದು. ಚಿತ್ರವೆಷ್ಟು ದೊಡ್ಡದೋ ನೆಗೆಟಿವ್ ಕೂಡ ಅಷ್ಟೇ ದೊಡ್ಡದಿರಬೇಕು. 1866ರಲ್ಲಿ ಡೇವಿಡ್ ಆಕ್ಟೇವಿಯಸ್ ಹಿಲ್ ಮುಗಿಸಿದ, 11 ಅಡಿಗೂ ಮೀರಿದ ವರ್ಣಚಿತ್ರದ ಪ್ರತಿಗಳನ್ನು ಗ್ಲಾಸ್ಗೋವಿನ ಥಾಮಸ್ ಆನನ್ ಈ ವಿಧಾನದಿಂದ ತೆಗೆದಾಗ ದೊಡ್ಡ ನೆಗೆಟಿವ್‌ಗಳು ಬೇಕಾದುವು. ಇಂದು ಪಾರದರ್ಶಕ ಹಾಳೆಯ ಮೇಲೆ ಕಂಪ್ಯೂಟರಿನ ಮುದ್ರಕದಿಂದಲೇ ನೆಗೆಟಿವ್ ಸಿದ್ಧವಾಗುವುದು.

50 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಉದ್ದದ ಚಿತ್ರವನ್ನು ತೆಗೆದುಕೊಳ್ಳಿ. ಒಂದು ಮಿಲಿಮೀಟರ್ ದಪ್ಪದ ಹಸಿ ಲೇಪಕ್ಕೆ 300 ಘನ ಸೆಂಟಿಮೀಟರ್ ದ್ರಾವಣ ಬೇಕು. ಮೇಜು ಉದ್ದಕ್ಕೆ ಅರ್ಧ ಮಿಲಿಮೀಟರ್ ಓರೆಯಾದರೆ, ದ್ರಾವಣವು ಒಂದು ತುದಿಯಲ್ಲಿ 0.75, ಇನ್ನೊಂದರಲ್ಲಿ 1.25 ಮಿಲಿಮೀಟರ್ ನಿಲ್ಲುವುದು. ದಪ್ಪ ತುದಿಯಿಂದ ಬಾಧಕವಿಲ್ಲ. ಹೆಚ್ಚಿನದು ಬಿಸಿನೀರಿನಲ್ಲಿ ಕರಗಿಹೋಗುವುದು. ತೆಳು ತುದಿಯಲ್ಲಾದರೋ ಗಾಢವಾದ ನೆರಳುಗಳಿಗೆ ಬೇಕಾದ ಆಳವೇ ಸಿಗದೆ ಹೋಗಬಹುದು. ಇನ್ನು ದೀಪದ ಮಾತು. ಸಣ್ಣ ದೀಪವನ್ನು ನಡುಬಿಂದುವಿನ ಮೇಲೆ 60 ಸೆಂಟಿಮೀಟರ್ ಎತ್ತರದಲ್ಲಿಟ್ಟರೆ, ಮೂಲೆಗಳಿಗೆ ಬೀಳುವ ಬೆಳಕು ನಡುವಿನದರ ನೂರಕ್ಕೆ 59 ಮಾತ್ರ. 120 ಸೆಂಟಿಮೀಟರಿಗೆ ಏರಿಸಿದರೆ ಅದು ನೂರಕ್ಕೆ 86 ಆಗುವುದು. ಆದರೆ ಬೆಳಕಿಗೊಡ್ಡುವ ಕಾಲವು ನಾಲ್ಕರಷ್ಟು ಬೇಕು. ವಿಲೋಮ ವರ್ಗ ನಿಯಮವನ್ನೂ ಓರೆಗಿರಣದ ಕೋಸೈನ್ ನಿಯಮವನ್ನೂ ಬಳಸಿ ವಿದ್ಯಾರ್ಥಿಗಳು ಇದನ್ನು ತಾವೇ ತಾಳೆನೋಡಬಹುದು.

ಆರು ವೇಲೆನ್ಸಿಯ ಕ್ರೋಮಿಯಂ ವಿಷಕರವಾದುದು, ಕ್ಯಾನ್ಸರಿಗೂ ಕಾರಣವಾಗಬಲ್ಲುದು. ಆದುದರಿಂದ ಈ ಪ್ರಯೋಗವನ್ನು ಕೈಗವಸು ತೊಟ್ಟು, ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಎದುರಿನಲ್ಲಿಯೇ ಮಾಡತಕ್ಕದ್ದು. ಉಳಿದ ದ್ರಾವಣವನ್ನು ಚರಂಡಿಗೆ ಚೆಲ್ಲಬಾರದು.

ಕೊನೆಯದಾಗಿ ಒಂದು ಪ್ರಶ್ನೆ. ಡೈಕ್ರೋಮೇಟನ್ನು ಹೆಚ್ಚು ಸಾರವಾಗಿ ಬಳಸಿದರೆ ಚಿತ್ರದ ಕಪ್ಪು ಬಿಳುಪುಗಳ ಅಂತರವು ಹೆಚ್ಚುವುದೋ, ತಗ್ಗುವುದೋ? ಹೆಚ್ಚುವುದೆಂದು ಥಟ್ಟನೆ ತೋರಬಹುದು. ಆದರೆ ಸಾರವಾದ ಪದರದಲ್ಲಿ ಬೆಳಕು ಬೇಗನೆ ಹೀರಲ್ಪಡುವುದು. 10 ಮೈಕ್ರಾನಿಗೆ ಅರ್ಧವಾಗುತ್ತಿದ್ದುದು 5 ಮೈಕ್ರಾನಿಗೇ ಅರ್ಧವಾಗುವುದೆನ್ನೋಣ. ಆಗ ಛಾಯೆಗಳ ಮೆಟ್ಟಿಲುಗಳೂ 5 ಮೈಕ್ರಾನಿಗೆ ಇಳಿದು, ಅಂತರವು ತಗ್ಗುವುದು. ಕೈಯಿಂದ ಚಿತ್ರ ತೆಗೆಯುವವರು ಇಂದಿಗೂ ಇದೇ ನಿಯಮವನ್ನನುಸರಿಸಿ, ತಮ್ಮ ನೆಗೆಟಿವ್‌ಗೆ ತಕ್ಕಂತೆ ದ್ರಾವಣದ ಸಾರವನ್ನು ಗೊತ್ತುಮಾಡಿಕೊಳ್ಳುತ್ತಾರೆ.