ಕಾರ್ಡಿನ ಮೇಲಿನ ಎರಡು ಅಂಕಿ

ನಮ್ಮದು ಸುರಪುರ ತಾಲೂಕಿನ ಒಂದು ಹಳ್ಳಿ. ಹತ್ತಿ ಬಿಡಿಸುವ ಕಾಲ. ಮುಂಜಾನೆ ಆಶಾ ಕಾರ್ಯಕರ್ತೆ ಮನೆ ಮನೆಗೆ ಬಂದಳು. ಕೈಯಲ್ಲಿ ಒಂದು ಫಾರಂ, ಒಂದು ಟೇಪು. ಮೂವತ್ತು ವರ್ಷ ದಾಟಿದವರನ್ನೆಲ್ಲ ಕೇಳಿದಳು. ವಯಸ್ಸು ಎಷ್ಟು? ತಂಬಾಕು ಹಾಕುತ್ತೀರಾ? ಮಿಶ್ರಿ ತಿಕ್ಕುತ್ತೀರಾ? ಅಪ್ಪ ಅವ್ವನಿಗೆ ಬಿಪಿ, ಸಕ್ಕರೆ ಕಾಯಿಲೆ ಇತ್ತಾ? ಆಮೇಲೆ ಟೇಪು ಹಿಡಿದು ಸೊಂಟ ಅಳೆದಳು.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ನಕ್ಕೇ ಬಿಟ್ಟಳು.

"ಯಾಕವ್ವ, ನಂಗ ಕುಬಸ ಹೊಲಿತೀಯೇನು?"

"ಇಲ್ಲಕ್ಕ. ಉಪಕೇಂದ್ರಕ್ಕ ಬಾ. ಸಿಸ್ಟರ್ ಬಿಪಿ ನೋಡ್ತಾರ."

"ನಂಗೇನಾಗ್ಯಾದ? ಜ್ವರ ಇಲ್ಲ, ನೋವಿಲ್ಲ. ದಿನಾ ಹೊಲಕ್ಕ ಹೋಗ್ತೀನಿ."

ಅಕ್ಕನನ್ನು ದೂರುವುದು ಬೇಡ. ನಾವು ಶಾಲೆಯಲ್ಲಿ ಪಾಠ ಹೇಳುವವರು. ನಾವೂ ಅಲ್ಲಿಯವರೆಗೆ ಬಿಪಿ ನೋಡಿಸಿರಲಿಲ್ಲ. ಅಕ್ಕನ ಜೊತೆ ನಾವೂ ಹೋದೆವು.

ಬಿಪಿ ಅಂದರೆ ರಕ್ತದ ಒತ್ತಡ. ನಾರಾಯಣಪುರದ ಎಡದಂಡೆ ಕಾಲುವೆ ನಮಗೆಲ್ಲ ಗೊತ್ತು. ನೀರು ಹದವಾಗಿ ಬಂದರೆ ಹೊಲಕ್ಕೆ ಒಳ್ಳೆಯದು. ಮಿತಿ ಮೀರಿ ಒತ್ತಿದರೆ ದಂಡೆ ಸವೆಯುತ್ತದೆ. ಒಂದು ದಿನ ಒಡೆಯುತ್ತದೆ. ಒಡೆಯುವ ಮುಂಚೆ ದಂಡೆ ಕೂಗಿ ಹೇಳುವುದಿಲ್ಲ. ನಮ್ಮ ರಕ್ತನಾಳವೂ ಹಾಗೆಯೇ. ಬಿಪಿ ಏರಿದರೆ ಬಹಳ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಆದರೆ ಮಿದುಳಿನ ನಾಳ ಒಡೆದರೆ ಅಥವಾ ಕಟ್ಟಿಕೊಂಡರೆ ಲಕ್ವ ಹೊಡೆಯುತ್ತದೆ. ಗುಂಡಿಗೆ, ಮೂತ್ರಪಿಂಡ, ಕಣ್ಣು ಕೆಡುತ್ತವೆ. ಜಗತ್ತಿನಲ್ಲಿ ಬಿಪಿ ಇರುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಅದು ಇದೆ ಎಂದೇ ತಿಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೀಗೆ ಹೇಳಿದೆ.

ಉಪಕೇಂದ್ರದಲ್ಲಿ ಸಿಸ್ಟರ್ ತಕ್ಷಣ ಬಿಪಿ ನೋಡಲಿಲ್ಲ. "ಐದು ನಿಮಿಷ ಸುಮ್ಮನೆ ಕೂಡ್ರಿ" ಅಂದರು. ಬೆನ್ನು ಕುರ್ಚಿಗೆ ಆನಿಸಬೇಕು. ಪಾದ ನೆಲಕ್ಕೆ ಊರಿರಬೇಕು. ಕಾಲ ಮೇಲೆ ಕಾಲು ಹಾಕಬಾರದು. ಚಹಾ ಕುಡಿದು, ತಂಬಾಕು ಹಾಕಿ ಅರ್ಧ ಗಂಟೆ ಆಗಿರಬೇಕು. ಮೂತ್ರಕ್ಕೆ ಹೋಗಿ ಬಂದಿರಬೇಕು. ಬಿಗಿ ಕುಬಸದ ತೋಳಿನ ಮೇಲೆ ಪಟ್ಟಿ ಸುತ್ತಿದರೆ ಅಳತೆ ಸರಿ ಬರುವುದಿಲ್ಲ. ಪಟ್ಟಿ ಬರೀ ತೋಳಿಗೇ ಸುತ್ತಬೇಕು. ತೋಳು ಎದೆಯ ಮಟ್ಟಕ್ಕೆ ಇರಬೇಕು. ಆಗ ಮಾತು ಬೇಡ. ನಮ್ಮ ಅಕ್ಕನಿಗೆ ಈ ಮಾತು ಬಿಡುವುದೇ ಕಷ್ಟವಾಯಿತು!

ಸಿಸ್ಟರ್ ಕಾರ್ಡಿನ ಮೇಲೆ ಎರಡು ಅಂಕಿ ಬರೆದರು. ಗುಂಡಿಗೆ ರಕ್ತವನ್ನು ನೂಕುವಾಗ ಇರುವ ಒತ್ತಡ ಮೇಲಿನ ಅಂಕಿ. ಗುಂಡಿಗೆ ಸಡಿಲವಾದಾಗ ಇರುವ ಒತ್ತಡ ಕೆಳಗಿನ ಅಂಕಿ. ಮೇಲಿನದು 120ಕ್ಕಿಂತ, ಕೆಳಗಿನದು 80ಕ್ಕಿಂತ ಕಡಿಮೆ ಇದ್ದರೆ ಚೆನ್ನ. ಮೇಲಿನದು 140 ಮುಟ್ಟಿದರೆ, ಇಲ್ಲವೇ ಕೆಳಗಿನದು 90 ಮುಟ್ಟಿದರೆ, ಅದು ಜಾಸ್ತಿ. ನಡುವೆ ಇದ್ದರೆ ಆಗಾಗ ನೋಡಿಸುತ್ತಿರಬೇಕು. ಒಂದೇ ಸಲ ನೋಡಿ ಕಾಯಿಲೆ ಎಂದು ಹೇಳುವುದಿಲ್ಲ. ಇನ್ನೊಂದು ದಿನ ಮತ್ತೆ ನೋಡುತ್ತಾರೆ.

ಅಕ್ಕನಿಗೆ ಎರಡು ಸಲವೂ ಜಾಸ್ತಿ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಗುಳಿಗೆ ಬರೆದರು. ದಿನಕ್ಕೆ ಒಂದು. ದುಡ್ಡು ಕೊಡಬೇಕಿರಲಿಲ್ಲ. ಒಂದು ತಿಂಗಳಿಗೆ ಬಿಪಿ ಇಳಿಯಿತು. "ಆರಾಮಾತು" ಎಂದು ಅಕ್ಕ ಗುಳಿಗೆ ಬಿಟ್ಟಳು. ಜನವರಿಯಲ್ಲಿ ಗಂಡನ ಜೊತೆ ಬೆಂಗಳೂರಿಗೆ ದುಡಿಯಲು ಹೋದಳು. ಕಟ್ಟಡದ ಕೆಲಸ. ಕಾರ್ಡು ಊರ ಮನೆಯ ಗೂಡಿನಲ್ಲೇ ಉಳಿಯಿತು. ಯುಗಾದಿಗೆ ಬಂದಾಗ ನೋಡಿಸಿದರೆ ಮೊದಲಿಗಿಂತ ಜಾಸ್ತಿ!

ಬಿಪಿ ಇಳಿದದ್ದು ಗುಳಿಗೆಯಿಂದ. ಗುಳಿಗೆ ಬಿಟ್ಟರೆ ಮತ್ತೆ ಏರುತ್ತದೆ. ಡಾಕ್ಟರು ಹೇಳದೆ ಬಿಡಬಾರದು, ಪಕ್ಕದ ಮನೆಯವರ ಗುಳಿಗೆ ನುಂಗಲೂಬಾರದು. ದುಡಿಯಲು ದೂರ ಹೋಗುವಾಗ ಗುಳಿಗೆ ಮುಂಚೆಯೇ ಕೇಳಿ ಇಟ್ಟುಕೊಳ್ಳಬೇಕು. ಕಾರ್ಡನ್ನು ಆಧಾರ್ ಕಾರ್ಡಿನ ಜೊತೆಯೇ ಚೀಲದಲ್ಲಿ ಇಡಬೇಕು. ಬೆಂಗಳೂರಿನಲ್ಲಿ 'ನಮ್ಮ ಕ್ಲಿನಿಕ್' ಎಂಬ ಸರಕಾರಿ ದವಾಖಾನೆಗಳಿವೆ. ಅಲ್ಲಿ ಈ ಕಾರ್ಡು ತೋರಿಸಬಹುದು.

ಇನ್ನು ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು. ಅಂದರೆ ಒಂದು ಚಹಾ ಚಮಚ. ಲೆಕ್ಕ ಮಾಡೋಣ. ಐದು ಜನರ ಮನೆಗೆ ದಿನಕ್ಕೆ 25 ಗ್ರಾಂ, ತಿಂಗಳಿಗೆ 750 ಗ್ರಾಂ. ಒಂದು ಕಿಲೋ ಪಾಕೀಟು ತಿಂಗಳೊಳಗೆ ಮುಗಿದರೆ ಉಪ್ಪು ಜಾಸ್ತಿ ಆಯಿತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂತೆಯ ಭಜಿಯ ಉಪ್ಪೂ ಈ ಲೆಕ್ಕಕ್ಕೇ ಸೇರುತ್ತದೆ. ರೊಟ್ಟಿಗೆ ಶೇಂಗಾ ಹಿಂಡಿ ಇಲ್ಲದೆ ಆಗುವುದಿಲ್ಲ, ನಮಗೂ ಗೊತ್ತು. ಹಿಂಡಿ ಇರಲಿ, ಅದಕ್ಕೆ ಹಾಕುವ ಉಪ್ಪು ಅರ್ಧ ಆಗಲಿ.

ಬಸುರಿ ಹೆಂಗಸರಿಗೆ ಪ್ರತಿ ತಪಾಸಣೆಯಲ್ಲೂ ಬಿಪಿ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ತಲೆ ಬಹಳ ನೋಯುವುದು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು ಕಂಡರೆ ಅದೇ ದಿನ ದವಾಖಾನೆಗೆ ಹೋಗಬೇಕು. ಯಾರಿಗಾದರೂ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಬೇಕು. ಎಣ್ಣೆ ತಿಕ್ಕುತ್ತಾ ಹೊತ್ತು ಕಳೆಯಬಾರದು.

ಆಶಾ ಯೋಜನೆ ಶುರುವಾದದ್ದು 2005ರಲ್ಲಿ. ಆಗ ಆಶಾ ಅಂದರೆ ಹೆರಿಗೆ, ಚುಚ್ಚುಮದ್ದು ಎಂದೇ ನಮ್ಮ ತಿಳಿವಳಿಕೆ. ಈಗ ಬಿಪಿಗೂ ಬರುತ್ತಾಳೆ. ಮನೆ ಬಾಗಿಲಲ್ಲೇ ಬಿಪಿ, ಸಕ್ಕರೆ ನೋಡುವ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಯಿತು. ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು.

ಮೊದಲು ಅಕ್ಕ ಕಾರ್ಡನ್ನು ಮಗನ ಕೈಗೆ ಕೊಟ್ಟು "ಏನು ಬರದಾರ ನೋಡೋ" ಅನ್ನುತ್ತಿದ್ದಳು. ಮೊನ್ನೆ ತಾನೇ ಓದಿದಳು. "ಒಂದುನೂರಾ ಅರವತ್ತನಾಲ್ಕು. ಕೆಳಗ ತೊಂಬತ್ತೆಂಟು." ಓದಿ ಸುಮ್ಮನೆ ಕುಳಿತಳು. ಮರುದಿನ ಗುಳಿಗೆಗೆ ಹೋದಳು.

ಅಕ್ಕನ ಕಾರ್ಡು ಇದು. ಓದಿ.

ನವೆಂಬರ್ 6: 158/96
ನವೆಂಬರ್ 13: 154/94
ಡಿಸೆಂಬರ್ 15: 128/82
ಏಪ್ರಿಲ್ 9: 164/98

ಯಾವ ದಿನ ಬಿಪಿ ಇಳಿದಿತ್ತು? ಏಪ್ರಿಲ್‌ನಲ್ಲಿ ಯಾಕೆ ಏರಿತು? ಪಕ್ಕದಲ್ಲಿ ಕುಳಿತವರಿಗೆ ಹೇಳಿ. ನಿಮ್ಮ ಮನೆಯಲ್ಲಿ ಮೂವತ್ತು ದಾಟಿದವರು ಯಾರು ಯಾರು? ಅವರ ಹೆಸರು ಕೆಳಗೆ ಬರೆಯಿರಿ. ನಿಮ್ಮ ಹೆಸರನ್ನು ಮೊದಲು ಬರೆಯಿರಿ.