ಕಾಜಾ ಹಾಕಿಸಲು ಬಜಾರಿಗೆ ಯಾಕೆ?

ಬಸವಕಲ್ಯಾಣ, ಹುಮನಾಬಾದಿನ ಕಡೆ ಮನೆಯಲ್ಲೇ ಹೊಲಿಗೆ ಮಾಡುವ ಅಕ್ಕ-ತಂಗಿಯರು ಅಂಗಿಯ ಕಾಲರ್, ತೋಳು, ಜೇಬು ಎಲ್ಲ ತಾವೇ ಹೊಲಿದು, ಕಾಜಾಕ್ಕೆ ಮಾತ್ರ ಬಜಾರಿನ ಅಂಗಡಿಗೆ ಕೊಟ್ಟು ಬರುವುದುಂಟು. ಹಳ್ಳಿಯವರಾದರೆ ಬಸ್ ಚಾರ್ಜು ಬೇರೆ. ಜೂನ್‌ನಲ್ಲಿ ಶಾಲೆ ಸಮವಸ್ತ್ರದ ಗಡಿಬಿಡಿ, ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಆಗ ಅಂಗಡಿಯವರಿಗೂ ಪುರುಸೊತ್ತಿರುವುದಿಲ್ಲ. ಸೂಜಿಕಾಯಕದ ರಾಮಿತಂದೆಯಂಥ ಶರಣರು ಬಾಳಿದ ಕಲ್ಯಾಣ ನಮ್ಮದು. ಸೂಜಿ ಹಿಡಿದವರು ಕೊನೆಯ ಕೆಲಸವನ್ನೂ ತಾವೇ ಮುಗಿಸಬೇಕು ಅನ್ನುವುದು ನನ್ನ ಆಸೆ. ಮುಕ್ಕಾಲು ಪಾಲು ಕಾಜಾ ಮಷಿನ್ ಓಡುವ ಮುಂಚೆಯೇ ಆಗಿಹೋಗಿರುತ್ತದೆ, ಅಷ್ಟು ನೆನಪಿದ್ದರೆ ಸಾಕು.

1. ನಿಮ್ಮ ಮಷಿನ್ ಯಾವುದು ನೋಡಿಕೊಳ್ಳಿ. ಕಾಲಿನಿಂದ ತುಳಿಯುವ ಕಪ್ಪು ಮಷಿನ್ ನೇರ ಹೊಲಿಗೆ ಮಾತ್ರ ಹಾಕುತ್ತದೆ. ಅದಕ್ಕೆ ಬಟನ್‌ಹೋಲ್ ಅಟ್ಯಾಚ್‌ಮೆಂಟ್ ಕೂಡಿಸಬೇಕು. ಸೂಜಿ ಇದ್ದಲ್ಲೇ ಇರುತ್ತದೆ, ಅಟ್ಯಾಚ್‌ಮೆಂಟು ಬಟ್ಟೆಯನ್ನೇ ಎಡಕ್ಕೆ ಬಲಕ್ಕೆ ಸರಿಸುತ್ತದೆ. ಹಾಗಾಗಿ ಕೆಳಗಿನ ಹಲ್ಲುಗಳ ಮೇಲೆ ಪ್ಲೇಟ್ ಮುಚ್ಚಲೇಬೇಕು. ಮರೆತರೆ ಹಲ್ಲು ಒಂದು ಕಡೆ, ಅಟ್ಯಾಚ್‌ಮೆಂಟು ಒಂದು ಕಡೆ ಎಳೆದು ಕಾಜಾ ಸೊಟ್ಟಗಾಗುತ್ತದೆ. ಇದರಲ್ಲಿ ಎರಡು ಸುತ್ತು ಹೊಲಿದರೆ ಗಟ್ಟಿ. ಉಷಾ ಜಾನೋಮೆಯಂಥ ಜಿಗ್‌ಜಾಗ್ ಮಷಿನ್‌ಗಳಲ್ಲಿ ಕಾಜಾ ಮೊದಲೇ ಇರುತ್ತದೆ. ಕೆಲವಕ್ಕೆ ನಾಲ್ಕು ಹಂತ, ಕೆಲವಕ್ಕೆ ಒಂದೇ.

2. ಗುಂಡಿ ಕೈಗೆ ಬರದೆ ಕಾಜಾ ಬೇಡ. ಗುಂಡಿಯ ಅಗಲಕ್ಕೆ ಅದರ ದಪ್ಪ ಕೂಡಿಸಿ. ಅದೇ ಕಾಜಾದ ಉದ್ದ. ಅಂಗಿಗೆ ಹಾಕುವ 18 ಲೈನಿನ ಗುಂಡಿ ಸುಮಾರು 11.5 ಮಿ.ಮೀ. ಅಗಲ. ದಪ್ಪ 2.5 ಮಿ.ಮೀ. ಇದ್ದರೆ ಕಾಜಾ 14 ಮಿ.ಮೀ. ದುಂಡನೆಯ ಉಬ್ಬು ಗುಂಡಿಯಾದರೆ ಕಾಗದದ ಪಟ್ಟಿ ಸುತ್ತಿ ಸುತ್ತಳತೆ ಹಿಡಿಯಿರಿ, ಅದರ ಅರ್ಧ ತೆಗೆದುಕೊಳ್ಳಿ.

3. ಅಡ್ಡವೋ ಉದ್ದವೋ ಮೊದಲೇ ಗುರುತು ಹಾಕಿ. ಅಂಗಿಯ ಮುಂದಿನ ಪಟ್ಟಿ ಕಿರಿದು, ಅಲ್ಲಿ ಕಾಜಾ ಉದ್ದಕ್ಕೆ. ಕಾಲರ್ ಬುಡಕ್ಕೆ, ತೋಳಿನ ಕಫ್‌ಗೆ ಅಡ್ಡ. ಅಲ್ಲಿ ಎಳೆತ ಹೆಚ್ಚು, ಗುಂಡಿ ಕಾಜಾದ ತುದಿಗೆ ಹೋಗಿ ನಿಲ್ಲುತ್ತದೆ, ಬಾಯಿ ಬಿಡುವುದಿಲ್ಲ. ಹೆಣ್ಣುಮಕ್ಕಳ ಅಂಗಿಗೆ ಎದೆಯ ಮಟ್ಟದಲ್ಲಿ ಒಂದು ಗುರುತು ಹಾಕಿ, ಆಮೇಲೆ ಮೇಲಕ್ಕೂ ಕೆಳಕ್ಕೂ ಸಮನಾಗಿ ಹಂಚಿ.

4. ಬಟ್ಟೆಗೆ ಆಸರೆ ಕೊಡಿ. ಪಟ್ಟಿಯೊಳಗೆ ತೆಳು ಕ್ಯಾನ್ವಾಸ್ ಇಟ್ಟು ಇಸ್ತ್ರಿ ಮಾಡಿ. ಜಾರುವ ರೇಯಾನ್ ಆದರೆ ಕೆಳಗೆ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ.

5. ಚಿಂದಿಯ ಮೇಲೆ ಹಾಕಿ ನೋಡಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ಇದಕ್ಕೆ ಕೊಡಿ. ಒಂದು ಪದರದ ಚಿಂದಿ ಸಾಲದು. ಅಂಗಿಯ ಪಟ್ಟಿಯಲ್ಲಿ ಎಷ್ಟು ಪದರವೋ ಅಷ್ಟೇ ಪದರ, ಅದೇ ಕ್ಯಾನ್ವಾಸ್, ಅದೇ ದಾರ, ಹೊಸ ಸೂಜಿ. ಸಮವಸ್ತ್ರದ ಅಂಗಿಬಟ್ಟೆಗೆ 11 ಅಥವಾ 14 ನಂಬರ್ ಸೂಜಿ ಸಾಕು. ಹೊಲಿಗೆಯ ಉದ್ದ 0.4ರಿಂದ 0.5 ಮಿ.ಮೀ. ಹತ್ತಿರ ಇಡಿ, ಇನ್ನೂ ಕಡಿಮೆ ಮಾಡಿದರೆ ದಾರ ಒಂದೇ ಕಡೆ ಗುಡ್ಡೆಯಾಗಿ ಬಟ್ಟೆ ಮುಂದೆ ಸರಿಯುವುದಿಲ್ಲ. ಬಾಬಿನ್ ದಾರ ಮೇಲೆ ಇಣುಕಿದರೆ ಮೇಲಿನ ಟೆನ್ಶನ್ ತುಸು ಸಡಿಲಿಸಿ. ಈಗ ಕಿಟಕಿಯ ಬೆಳಕಿಗೆ ಹಿಡಿದು ನೋಡಿ: ಎರಡೂ ಬದಿ ಸಮನಾಗಿ ದಟ್ಟವಾಗಿದೆಯೇ, ನಡುವೆ ಕತ್ತರಿಸಲು ಕೂದಲೆಳೆಯಷ್ಟಾದರೂ ಜಾಗ ಉಳಿದಿದೆಯೇ? ಚಿಂದಿಯ ಕಾಜಾ ಕತ್ತರಿಸಿ ಗುಂಡಿ ತೂರಿಸಿ. ಸರಿಬಂದ ಚಿಂದಿಯ ಮೇಲೆ ಪೆನ್ನಿನಿಂದ ಸೆಟಿಂಗ್ ಬರೆದು ಬಾಬಿನ್ ಡಬ್ಬಿಯಲ್ಲಿಡಿ, ಮುಂದಿನ ಜೂನ್‌ಗೆ ಬರುತ್ತದೆ.

6. ಒಂದೇ ಹಂತದ ಮಷಿನ್‌ನಲ್ಲಿ ಬಟನ್‌ಹೋಲ್ ಲಿವರ್ ಕೆಳಗೆ ಎಳೆಯಿರಿ. ಇದನ್ನು ಮರೆತರೆ ಉದ್ದ ಎಲ್ಲಿ ನಿಲ್ಲಬೇಕೆಂಬುದು ಮಷಿನ್‌ಗೆ ತಿಳಿಯುವುದಿಲ್ಲ.

7. ಕೆಳಗಿನ ಕಾಜಾದಿಂದ ಶುರು ಮಾಡಿ. ಅದು ಪ್ಯಾಂಟಿನೊಳಗೆ ಹೋಗುತ್ತದೆ. ಕೈ ಕೂಡುವ ಹೊತ್ತಿಗೆ ಕಣ್ಣಿಗೆ ಬೀಳುವ ಮೇಲಿನ ಕಾಜಾ ಬರುತ್ತದೆ. ಬಟ್ಟೆಯನ್ನು ಎಳೆಯಬೇಡಿ, ತಳ್ಳಬೇಡಿ, ದಾರಿ ತೋರಿಸಿದರೆ ಸಾಕು. ನಡುವೆ ಕರೆಂಟ್ ಹೋದರೆ ಬಟ್ಟೆ ಒತ್ತಿ ಹಿಡಿದಿರುವ ಮಷಿನ್‌ನ ಪಾದ ಎತ್ತಬೇಡಿ. ಕಂಪ್ಯೂಟರ್ ಇಲ್ಲದ ಸಾದಾ ಮಷಿನ್ ಆದರೆ ಪಕ್ಕದ ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ತಿರುಗಿಸುತ್ತ ಮುಗಿಸಬಹುದು.

8. ಕತ್ತರಿಸುವಾಗ ಅವಸರ ಬೇಡ. ಹೊಲಿದದ್ದನ್ನು ಬಿಚ್ಚಬಹುದು, ಕತ್ತರಿಸಿದ ಬಟ್ಟೆ ಕೂಡುವುದಿಲ್ಲ. ಎಲ್ಲ ಕಾಜಾ ಹೊಲಿದು, ಅಳತೆ ಇನ್ನೊಮ್ಮೆ ನೋಡಿದ ಮೇಲೆಯೇ ಸೀಮ್ ರಿಪ್ಪರ್ ಎತ್ತಿಕೊಳ್ಳಿ. ಎರಡೂ ತುದಿಯ ಅಡ್ಡ ಹೊಲಿಗೆಗಿಂತ ಒಳಗೆ ಒಂದೊಂದು ಗುಂಡುಪಿನ್ ಅಡ್ಡ ಚುಚ್ಚಿ. ಒಂದು ತುದಿಯಿಂದ ನಡುವಿನವರೆಗೆ, ಮತ್ತೆ ಇನ್ನೊಂದು ತುದಿಯಿಂದ ನಡುವಿಗೆ ಸೀಳಿ. ರಿಪ್ಪರ್ ಜಾರಿದರೂ ಪಿನ್ ತಡೆಯುತ್ತದೆ. ಮೊಂಡಾದ ರಿಪ್ಪರ್ ಎಸೆದುಬಿಡಿ. ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ.

9. ಗುಂಡಿಯ ಜಾಗವನ್ನು ಕಾಜಾದಿಂದಲೇ ಗುರುತಿಸಿ. ಎರಡೂ ಪಟ್ಟಿಗಳನ್ನು ಒಂದರ ಮೇಲೊಂದು ಸರಿಯಾಗಿ ಇಟ್ಟು, ಕಾಜಾದೊಳಗಿಂದ ಪಿನ್ ಚುಚ್ಚಿ. ಜಿಗ್‌ಜಾಗ್‌ನಲ್ಲಿ ಗುಂಡಿಯನ್ನೂ ಮಷಿನ್ನೇ ಹಚ್ಚುತ್ತದೆ: ಹಲ್ಲು ಇಳಿಸಿ, ಜಿಗ್‌ಜಾಗ್ ಅಗಲವನ್ನು ಗುಂಡಿಯ ತೂತುಗಳ ಅಂತರಕ್ಕೆ ಹೊಂದಿಸಿ. ಮೊದಲ ಕೆಲವು ಹೊಲಿಗೆ ಚಕ್ರವನ್ನು ಕೈಯಿಂದ ತಿರುಗಿಸಿಯೇ ಹಾಕಿ. ಸೂಜಿ ಎರಡೂ ತೂತಿನಲ್ಲಿ ತಾಗದೆ ಇಳಿದರೆ ಮಾತ್ರ ಪೆಡಲ್ ಒತ್ತಿ. ತಾಗಿದರೆ ಗುಂಡಿ ಒಡೆಯುತ್ತದೆ, ಸೂಜಿ ಮುರಿದು ಚೂರು ಕಣ್ಣಿನ ಕಡೆಗೇ ಹಾರಬಹುದು.