ಆಟದೊಳಗಣ ಗುಟ್ಟುಗಳು: ಒಂದು ಪರಿಶೀಲನೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಆಟದ ವಿಷಯವಾಗಿ ಬರೆಯುವುದು ತಕ್ಕುದೇ ಎಂದು ಕೆಲವರಿಗೆ ತೋರಬಹುದು. ಆದರೆ ಶಾಲೆಯ ಕೊನೆಯ ಗಂಟೆ ಬಾರಿಸಿದ ಮೇಲೆ ಮಕ್ಕಳು ಯಾರ ಒತ್ತಾಯವೂ ಇಲ್ಲದೆ ಕಲಿಯುವ ವಿದ್ಯೆ ಆಟವೊಂದೇ. ಆಟದಲ್ಲಿ ಮಗು ಮೊದಲು ನಿಯಮವನ್ನು ಕಲಿಯುತ್ತದೆ. ಬಳಿಕ ಆ ನಿಯಮ ಎಲ್ಲಿಯವರೆಗೆ ನಿಲ್ಲುವುದೆಂದು ಪರೀಕ್ಷಿಸುತ್ತದೆ. ಒಂದು ದಿನ ಯಾರೂ ಹೇಳಿಕೊಡದ ಗುಟ್ಟೊಂದನ್ನು ಕಂಡು ಹಿಗ್ಗುತ್ತದೆ. ಈ ಗುಟ್ಟುಗಳ ಸ್ವರೂಪವೇನು, ಅವುಗಳಿಂದ ವಿದ್ಯಾರ್ಥಿ ಪಡೆಯಬಹುದಾದ ಪಾಠವೇನು ಎಂಬುದನ್ನು, ನಮ್ಮ ಮನೆಗಳ ಹಳೆಯ ಆಟವೊಂದನ್ನೂ ಟಿ.ವಿ. ತೆರೆಯ ಮೇಲಿನ ಪ್ರಸಿದ್ಧ ಆಟವೊಂದನ್ನೂ ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸಲಾಗಿದೆ.

ನಿಯಮದಲ್ಲಿಯೇ ಅಡಗಿದ ಗುಟ್ಟು

ಅಳಗುಳಿಮಣೆಯನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಎರಡು ಸಾಲು, ಸಾಲಿಗೆ ಏಳು ಗುಳಿ, ಕೈತುಂಬ ಹುಣಸೆಬೀಜ. ಎದುರಾಳಿಯನ್ನು ಬಿಟ್ಟು ಒಬ್ಬರೇ ಕುಳಿತು ಒಂದು ಪ್ರಯೋಗ ಮಾಡಿ ನೋಡಿರಿ. ಒಂದರ ಮುಂದೊಂದರಂತೆ ನಾಲ್ಕು ಗುಳಿಗಳಲ್ಲಿ ೪, ೩, ೨, ೧ ಬೀಜಗಳನ್ನಿಡಿರಿ. ಉಳಿದ ಗುಳಿಗಳು ಬರಿದಾಗಿರಲಿ. ಈಗ ನಾಲ್ಕು ಬೀಜಗಳ ಗುಳಿಯನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದರಂತೆ ಹಾಕಿರಿ. ಮತ್ತೆ ಅದೇ ೪, ೩, ೨, ೧ ಕಾಣಿಸುತ್ತದೆ. ಒಂದು ಗುಳಿಯಷ್ಟು ಮುಂದೆ ಸರಿದಿರುತ್ತದೆ, ಅಷ್ಟೆ. ಹೀಗೆಯೇ ಎತ್ತುತ್ತ ಹೋದರೆ ಈ ದಿಂಡಿ ಎಲ್ಲಿಯೂ ಮುರಿಯದೆ ಮಣೆಯನ್ನು ಸುತ್ತಿ, ೧೪ ಬಾರಿ ಎತ್ತಿದ ಮೇಲೆ ಹೊರಟ ಸ್ಥಾನಕ್ಕೇ ಬಂದು ನಿಲ್ಲುತ್ತದೆ. ೧೫ ಬೀಜಗಳನ್ನು ೫, ೪, ೩, ೨, ೧ ಎಂದಿಟ್ಟರೂ ಹೀಗೆಯೇ.

ಇದನ್ನು ಯಾರೂ ಬಚ್ಚಿಟ್ಟಿಲ್ಲ. ಹಿಂದಿನ ಗುಳಿ ಬರಿದಾದಾಗ ಮುಂದಿನ ಪ್ರತಿಯೊಂದು ಗುಳಿಗೂ ಒಂದು ಬೀಜ ಸೇರುತ್ತದೆ, ಸಾಲಿನ ತುದಿಯಲ್ಲಿ ಹೊಸದೊಂದು ಗುಳಿ ತೆರೆಯುತ್ತದೆ, ಕಾರಣ ಇಷ್ಟೇ. ಗುಟ್ಟು ಎಣಿಕೆಯಲ್ಲಿಯೇ ಇದೆ. ಆದರೆ ಗೆಲ್ಲುವ ಆತುರವನ್ನು ಒಂದು ಗಳಿಗೆ ಬಿಟ್ಟು ನೋಡಿದವನಿಗಲ್ಲದೆ ಅದು ಕಾಣುವುದಿಲ್ಲ. ಚದುರಂಗದ ಕುದುರೆಯನ್ನು ೬೪ ಮನೆಗಳಿಗೂ ಒಂದೊಂದೇ ಸಲ ಕಾಲಿಡುವಂತೆ ನಡೆಸುವ ತುರಗಬಂಧವೂ ಇದೇ ಜಾತಿಯದು. ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟನು ಅದನ್ನು ಚಿತ್ರಕಾವ್ಯಕ್ಕೆ ತಂದನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಅದರಲ್ಲಿ ವಿಶೇಷ ಪರಿಶ್ರಮ ಪಟ್ಟವರು.

ಕರ್ತೃವು ಬಚ್ಚಿಟ್ಟ ಗುಟ್ಟು

ಎರಡನೆಯ ಜಾತಿಯ ಗುಟ್ಟನ್ನು ಆಟವನ್ನು ಕಟ್ಟಿದವನೇ ಬೇಕೆಂದು ಅಡಗಿಸಿರುತ್ತಾನೆ. ಅಮೇರಿಕೆಯ ಅಟಾರಿ ಸಂಸ್ಥೆಗಾಗಿ ವಾರನ್ ರಾಬಿನೆಟ್ ಎಂಬಾತನು ರಚಿಸಿದ 'ಅಡ್ವೆಂಚರ್' ಎಂಬ ಆಟವು ೧೯೮೦ರ ಸುಮಾರಿಗೆ ಮಾರುಕಟ್ಟೆಗೆ ಬಂದಿತು. ಆಗ ಆಟದ ಮೇಲೆ ಕರ್ತೃವಿನ ಹೆಸರು ಹಾಕುವ ವಾಡಿಕೆ ಅಲ್ಲಿರಲಿಲ್ಲ. ರಾಬಿನೆಟ್ಟನು ಯಾರಿಗೂ ತಿಳಿಸದೆ ಆಟದೊಳಗೆ ಒಂದು ಗುಪ್ತ ಕೋಣೆಯನ್ನು ಕಟ್ಟಿ, ಅದರಲ್ಲಿ ತನ್ನ ಹೆಸರನ್ನು ಬರೆದಿಟ್ಟನು. ನೆಲದ ಬಣ್ಣದಲ್ಲಿಯೇ ಬೆರೆತುಹೋಗುವ ಒಂದು ಚುಕ್ಕೆಯನ್ನು ಹುಡುಕಿ ಒಯ್ದವನಿಗೆ ಮಾತ್ರ ಆ ಕೋಣೆಗೆ ದಾರಿ. ಅದನ್ನು ಕಂಡುಹಿಡಿದ ಬಾಲಕನೊಬ್ಬನು ಪತ್ರ ಬರೆದಾಗಲೇ ಸಂಸ್ಥೆಗೆ ವಿಷಯ ತಿಳಿದದ್ದು.

ಹೆಸರನ್ನು ಕೃತಿಯೊಳಗೆ ಇಡುವ ಕ್ರಮ ಸೊಲ್ಲಾಪುರಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಊರು ಸೊನ್ನಲಿಗೆಯಾಗಿದ್ದಾಗ ಸಿದ್ಧರಾಮೇಶ್ವರರು ತಮ್ಮ ವಚನಗಳಲ್ಲಿ 'ಕಪಿಲಸಿದ್ಧಮಲ್ಲಿಕಾರ್ಜುನ' ಎಂಬ ಅಂಕಿತವನ್ನಿಟ್ಟರು. ರಾಬಿನೆಟ್ಟನು ಇಟ್ಟದ್ದು ತನ್ನ ಹೆಸರು. ಶರಣರು ಇಟ್ಟದ್ದು ತಮ್ಮ ದೈವದ ಹೆಸರು. ಆದರೂ ಅಂಕಿತವನ್ನು ಓದಬಲ್ಲವನಿಗೆ ವಚನವು ಯಾರದೆಂದು ತಿಳಿಯುತ್ತದೆ.

ಇನ್ನು ನಮ್ಮ ಮುಖ್ಯ ಉದಾಹರಣೆಗೆ ಬರೋಣ. ಜಪಾನಿನ ಸ್ಕ್ವೇರ್ ಸಂಸ್ಥೆಯು ೧೯೮೭ರ ಡಿಸೆಂಬರಿನಲ್ಲಿ 'ಫೈನಲ್ ಫ್ಯಾಂಟಸಿ' ಎಂಬ ಆಟವನ್ನು ಹೊರತಂದಿತು. ಹಿರೊನೊಬು ಸಕಾಗುಚಿ ಅದರ ನಿರ್ದೇಶಕ. ಇರಾನಿನಲ್ಲಿ ಹುಟ್ಟಿದ ನಾಸಿರ್ ಗೆಬೆಲ್ಲಿ ಅದರ ಪ್ರೋಗ್ರಾಂ ಬರೆದಾತ. ಆಟಗಾರನು ನಾಲ್ವರು ಯೋಧರನ್ನು ಆರಿಸಿಕೊಂಡು, ಪೃಥ್ವಿ, ಅಗ್ನಿ, ಜಲ, ವಾಯುಗಳ ಕಾಂತಿಗುಂದಿದ ನಾಲ್ಕು ಗೋಳಗಳಿಗೆ ಮರಳಿ ಬೆಳಕು ತರಬೇಕು. ದಾರಿಯಲ್ಲಿ ರಾಕ್ಷಸರನ್ನು ಗೆದ್ದಂತೆಲ್ಲ ಯೋಧರಿಗೆ ಅನುಭವದ ಅಂಕಗಳು ದೊರೆತು ಬಲ ಹೆಚ್ಚುತ್ತದೆ. ಪಾತ್ರವನ್ನು ಧರಿಸಿ ಬೆಳೆಸುವ ಇಂತಹ ಆಟಗಳಿಗೆ ಇದು ಒಂದು ಮಾದರಿಯಾಯಿತು. ಈ ಆಟ ನಡೆಯುತ್ತಿದ್ದ ಯಂತ್ರದ ಅನುಕರಣೆಗಳು ೧೯೯೦ರ ದಶಕದಲ್ಲಿ ನಮ್ಮ ದೇಶದ ಅಂಗಡಿಗಳಿಗೂ ಬಂದಿದ್ದವು. ಕ್ಯಾಸೆಟ್ಟು ಸಿಕ್ಕಿಸಿ ಟಿ.ವಿ.ಗೆ ಜೋಡಿಸಿ ಆಡಿದವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಇರಬಹುದು.

ಈ ಆಟದಲ್ಲಿ ಹಡಗು ದೊರೆತ ಮೇಲೆ, ಅದರಲ್ಲಿ ಕುಳಿತು 'ಎ' ಗುಂಡಿಯನ್ನು ಒತ್ತಿ ಹಿಡಿದು 'ಬಿ' ಗುಂಡಿಯನ್ನು ೫೫ ಸಲ ಒತ್ತಿದರೆ, ಕಥೆಗೆ ಏನೇನೂ ಸಂಬಂಧವಿಲ್ಲದ ಬೇರೊಂದು ಆಟ ತೆರೆದುಕೊಳ್ಳುತ್ತದೆ. ೧ರಿಂದ ೧೫ರ ವರೆಗಿನ ಅಂಕಿಗಳನ್ನು ಸರಿಸಿ ಸರಿಸಿ ಕ್ರಮವಾಗಿ ಜೋಡಿಸುವ ಚೌಕವದು. ನಮ್ಮ ಜಾತ್ರೆಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನಲ್ಲಿ ಮಾರುವ ಆಟಿಕೆಯೇ ಇದು. ಇನ್ನೊಂದು ಕಡೆ, ಯಕ್ಷಲೋಕವನ್ನು ಹೋಲುವ ಊರಿನಲ್ಲಿ ಒಂದು ಗೋರಿಗಲ್ಲಿದೆ. ಜಪಾನಿ ಆವೃತ್ತಿಯಲ್ಲಿ ಅದರ ಮೇಲೆ 'ಲಿಂಕ್' ಎಂಬ ಹೆಸರಿತ್ತು; ಅವನು ಪ್ರತಿಸ್ಪರ್ಧಿಗಳು ರಚಿಸಿದ 'ಜೆಲ್ಡಾ' ಎಂಬ ಆಟದ ನಾಯಕ. ೧೯೯೦ರ ಇಂಗ್ಲಿಷ್ ಆವೃತ್ತಿಯಲ್ಲಿ ಅದೇ ಕಲ್ಲಿನ ಮೇಲೆ ಇನ್ನೊಂದು ಆಟದ ನಾಯಕನ ಹೆಸರು ಬಂದಿತು. ಪರರ ವೀರನಿಗೆ ತನ್ನ ನೆಲದಲ್ಲಿ ನೆಟ್ಟ ವೀರಗಲ್ಲೆಂದು ಇದನ್ನು ಕರೆಯಬಹುದು.

ಕೈತಪ್ಪಿನಿಂದ ಉಳಿದ ಕಳ್ಳಗಿಂಡಿ

ಮೂರನೆಯದು ಯಾರೂ ಬಚ್ಚಿಡದ, ಯಾರೂ ಬಯಸದ ಗುಟ್ಟು. ಕೋಟೆಯ ಗೋಡೆಯಲ್ಲಿ ಅರಿಯದೆ ಉಳಿದ ಕಳ್ಳಗಿಂಡಿಯಂತೆ. ಫೈನಲ್ ಫ್ಯಾಂಟಸಿಯ ಭೂಪಟವು ಉದ್ದಕ್ಕೂ ಅಗಲಕ್ಕೂ ೨೫೬ ಮನೆಗಳುಳ್ಳದ್ದು. ಎಲ್ಲಿ ಯಾವ ರಾಕ್ಷಸರು ಎದುರಾಗಬೇಕೆಂದು ನಿರ್ಧರಿಸಲು ಅದನ್ನು ಚದುರಂಗದ ಹಾಸಿನಂತೆ ೬೪ ಚೌಕಗಳಾಗಿ ಕತ್ತರಿಸಿದ್ದಾರೆ; ಒಂದೊಂದು ಚೌಕವೂ ೩೨ ಮನೆ ಉದ್ದ, ೩೨ ಮನೆ ಅಗಲ. ಆದರೆ ಕಡಲ ತೀರವು ನೇರಗೆರೆಯಂತೆ ಓಡುವುದಿಲ್ಲವಷ್ಟೆ. ಪ್ರವೋಕಾ ಎಂಬ ಬಂದರಿನ ಈಶಾನ್ಯದಲ್ಲಿ ಚಾಚಿಕೊಂಡ ಭೂಶಿರದ ತುದಿಯ ಕೆಲವೇ ಮನೆಗಳು ಗೆರೆಯನ್ನು ದಾಟಿ ಪಕ್ಕದ ಚೌಕಕ್ಕೆ ಸೇರಿಹೋದವು. ಕಥೆಯಲ್ಲಿ ಬಹಳ ಮುಂದೆ ಎದುರಾಗಬೇಕಾದ ದೈತ್ಯರು ಅಲ್ಲಿ ಆರಂಭದಲ್ಲಿಯೇ ಎದುರಾಗುತ್ತಾರೆ. ಸಿದ್ಧತೆಯಿಲ್ಲದೆ ಹೋದವನು ಅಳಿಯುತ್ತಾನೆ. ಸಿದ್ಧನಾಗಿ ಹೋದವನು ಬೇರೆ ಕಡೆ ದಿನಗಟ್ಟಲೆ ಹೋರಾಡಿ ಪಡೆಯುವ ಅನುಭವವನ್ನು ಅಲ್ಲಿ ಬೇಗನೆ ಗಳಿಸುತ್ತಾನೆ. ಆಟಗಾರರು ಅದಕ್ಕೆ 'ಶಕ್ತಿಯ ಭೂಶಿರ'ವೆಂದೇ ಹೆಸರಿಟ್ಟರು.

ಗೆರೆಯೊಂದು, ನೆಲವೊಂದು ಎಂಬ ಸ್ಥಿತಿಯನ್ನು ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ೧೯೫೬ರ ಪುನರ್ವಿಂಗಡಣೆಯಲ್ಲಿ ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು, ೧೯೬೦ರಿಂದ ಮಹಾರಾಷ್ಟ್ರದವರು. ಮನೆಯಲ್ಲಿ ಕನ್ನಡ, ಕಛೇರಿಯಲ್ಲಿ ಮರಾಠಿ, ಪೇಟೆಯಲ್ಲಿ ತೆಲುಗು, ಉರ್ದು, ಹಿಂದಿ, ಉನ್ನತ ಶಿಕ್ಷಣಕ್ಕೆ ಇಂಗ್ಲಿಷು. ಇತರ ಕಡೆಯ ಮಕ್ಕಳಿಗೆ ತಡವಾಗಿ ಎದುರಾಗುವ ಕಷ್ಟ ನಮ್ಮ ಮಕ್ಕಳಿಗೆ ಮೊದಲ ಇಯತ್ತೆಯಲ್ಲಿಯೇ ಎದುರಾಗುತ್ತದೆ. ಅದು ಅವರನ್ನು ಹಿಂದಕ್ಕೆ ತಳ್ಳುವುದೋ ಬಲಪಡಿಸುವುದೋ ಎಂಬುದು ಅವರು ಎಷ್ಟು ಸಿದ್ಧರಾಗಿ ಹೋದರು ಎಂಬುದನ್ನು ಅವಲಂಬಿಸಿದೆ. ಆ ಸಿದ್ಧತೆಯನ್ನು ಮಾಡಿಸುವುದೇ ಗಡಿನಾಡಿನ ಕನ್ನಡ ಶಾಲೆಯ ಕೆಲಸ.

ಅಚ್ಚಾದುದೆಲ್ಲ ನಿಜವೇ?

ಕೊನೆಯ ಗುಟ್ಟು ಎಲ್ಲಕ್ಕಿಂತ ಬೋಧಪ್ರದವಾದುದು. ಈ ಆಟದಲ್ಲಿ ಪ್ರತಿ ಯೋಧನಿಗೂ 'ಬುದ್ಧಿ' ಎಂಬ ಅಂಕವಿದೆ. ಬುದ್ಧಿ ಹೆಚ್ಚಿದಂತೆ ಮಾಂತ್ರಿಕನ ಮಂತ್ರಬಲವೂ ಹೆಚ್ಚುವುದೆಂದು ಆಟಗಾರರು ನಂಬಿದ್ದರು. ನಿಜವಾಗಿ ೧೯೮೭ರ ಮೂಲ ಆಟದಲ್ಲಿ ಆ ಅಂಕಕ್ಕೂ ಮಂತ್ರಬಲಕ್ಕೂ ಯಾವ ಸಂಬಂಧವೂ ಇಲ್ಲ. ಪ್ರೋಗ್ರಾಮಿನಲ್ಲಿ ಅವೆರಡನ್ನೂ ಜೋಡಿಸಿಯೇ ಇಲ್ಲ. ಮಿತ್ರನ ಆಯುಧಕ್ಕೆ ಬಲ ತುಂಬಬೇಕಾದ ಮಂತ್ರವೊಂದು ಏನನ್ನೂ ಮಾಡುವುದಿಲ್ಲ. ಶತ್ರುವು ಪೆಟ್ಟು ತಪ್ಪಿಸಿಕೊಳ್ಳುವ ಶಕ್ತಿಯನ್ನು ಕುಗ್ಗಿಸಬೇಕಾದ ಇನ್ನೊಂದು ಮಂತ್ರ ಅದನ್ನು ಹೆಚ್ಚಿಸುತ್ತದೆ! ಮುಂದಿನ ಆವೃತ್ತಿಗಳಲ್ಲಿ ಇಂತಹ ದೋಷಗಳಲ್ಲಿ ಹಲವನ್ನು ತಿದ್ದಲಾಯಿತು.

ತೆರೆಯ ಮೇಲೆ ಅಂಕಿ ಏರುವುದು ಕಾಣುತ್ತಿತ್ತು. ಆದ್ದರಿಂದ ಮಂತ್ರಬಲವೂ ಏರುತ್ತಿದೆಯೆಂದು ಜನ ನಂಬಿದರು. ಸಂಶಯ ಪಟ್ಟವರು ಮಾಡಬೇಕಾದುದು ಸರಳವಾಗಿತ್ತು. ಒಂದೇ ಮಂತ್ರವನ್ನು ಒಂದೇ ಬಗೆಯ ಶತ್ರುವಿನ ಮೇಲೆ ಅನೇಕ ಸಲ ಪ್ರಯೋಗಿಸುವುದು. ಒಂದು ಸಂಗತಿಯನ್ನು ಮಾತ್ರ ಬದಲಿಸಿ ಉಳಿದುದನ್ನೆಲ್ಲ ಇದ್ದಂತೆಯೇ ಇರಿಸುವುದು. ಫಲವನ್ನು ಪ್ರತಿ ಸಲವೂ ಕಾಗದದ ಮೇಲೆ ಬರೆದಿಡುವುದು. ಇನ್ನೂ ಆಳಕ್ಕೆ ಇಳಿದವರು ಪ್ರೋಗ್ರಾಮನ್ನೇ ಬಿಚ್ಚಿ ಓದಿದರು. ವಿಜ್ಞಾನದ ತರಗತಿಯಲ್ಲಿ ಪ್ರಯೋಗವೆಂದು ಕಲಿಸುವುದೂ ಇದನ್ನೇ.

ನಮಗೆ ಉಳಿಯುವ ಪಾಠ

ಹೀಗೆ ಗುಟ್ಟುಗಳು ಮೂರು ಬಗೆ: ನಿಯಮದಲ್ಲಿಯೇ ಇರುವುದು, ಕರ್ತೃವು ಇಟ್ಟದ್ದು, ಕರ್ತೃವಿನ ಕೈತಪ್ಪಿನಿಂದ ಉಳಿದದ್ದು. ಮೂರೂ ದೊರೆಯುವುದು ನಿಯಮವನ್ನು ಪೂರ್ತಿಯಾಗಿ ತಿಳಿದು, ತಾಳ್ಮೆಯಿಂದ ಎಣಿಸಿ ನೋಡಿದವನಿಗೆ. ಆದರೆ ಒಂದು ಎಚ್ಚರಿಕೆ ಬೇಕು. ಒಬ್ಬನೇ ಆಡುವ ಆಟದಲ್ಲಿ ಕಳ್ಳಗಿಂಡಿಯಿಂದ ನುಸುಳಿದರೆ ಯಾರಿಗೂ ನಷ್ಟವಿಲ್ಲ. ಎದುರಿಗೆ ಇನ್ನೊಬ್ಬನು ಕುಳಿತಿರುವಾಗ, ಅಥವಾ ಪರೀಕ್ಷೆಯ ಕೋಣೆಯಲ್ಲಿ, ಅದೇ ಕೆಲಸ ಮೋಸವೆನಿಸುತ್ತದೆ. ಇನ್ನೊಬ್ಬರಿಂದ ಗುಟ್ಟನ್ನು ಕೇಳಿ ತಿಳಿದವನಿಗೆ ಆ ಹಂತವಷ್ಟೇ ದಾಟುತ್ತದೆ. ತಾನೇ ಕಂಡುಕೊಂಡವನಿಗೆ ಕಂಡುಕೊಳ್ಳುವ ಬಗೆ ಒಲಿಯುತ್ತದೆ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳು ಇಂದು ಸಂಜೆ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಕೂರಿಸಿಕೊಂಡು, ನೆಲದ ಮೇಲೆ ೧೪ ಮನೆ ಬರೆದು, ಹತ್ತು ಹುಣಸೆಬೀಜಗಳನ್ನು ಎಣಿಸಿ ಕೊಡಲಿ. ೪, ೩, ೨, ೧ ಎಂದು ಇಡಲು ಹೇಳಿ, ಮುಂದೆ ಏನಾಗುವುದೆಂಬುದನ್ನು ಮಾತ್ರ ಹೇಳದಿರಲಿ. ಎಣಿಕೆ ಕನ್ನಡದಲ್ಲಿ ನಡೆಯಲಿ. ಐವತ್ತು ವರ್ಷ ನಮ್ಮ ಶಾಲೆ ಮಾಡುತ್ತ ಬಂದ ಕೆಲಸವೂ ಇದೇ.